ಇಬ್ಬರ ಹೆಡ್‌ಫೋನು

ಬಲಗಿವಿಯ ಗಾದಿಗೆ ಹಸಿರು ದಾರದ ಹೊಲಿಗೆ ಬಿದ್ದಿತ್ತು. ಸೀಗಿ ಹುಣ್ಣಿಮೆಗೆ ಸಂಗವ್ವ ಈ ಹೆಡ್‌ಫೋನನ್ನು ಬಿಸ್ಕೀಟಿನ ಡಬ್ಬಿಯಲ್ಲಿಟ್ಟು ಖಾನಾಪುರದ ಬಿಲ್ಕೀಸಳ ಕೈಗೆ ಕೊಟ್ಟಾಗ ಅಲ್ಲಿದ್ದದ್ದು ಕರಿ ದಾರ. ದೀವಳಿಗೆ ಅಮಾಸೆಗೆ ತಿರುಗಿ ಬಂದಾಗ ಹಸಿರು. ಸಂಗವ್ವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಗಾದಿಯ ಅಂಚು ಸರಿಸಿ ನೋಡಿದರೆ ಸ್ಕ್ರೂಗಳ ತಲೆಗಳು ಕೆರೆದು ಹೊಳೆಯುತ್ತಿದ್ದವು. ಯಾರೋ ಬಿಚ್ಚಿದ್ದಾರೆ. ಬಿಚ್ಚಿ, ಹೇಳದೇ ಮುಚ್ಚಿದ್ದಾರೆ.

ತಲೆಗೇರಿಸಿ ಟೇಪು ಹಚ್ಚಿದಳು. ಎಡಗಿವಿಯಲ್ಲಿ ಬಂಡೆಪ್ಪ ಮಾಸ್ತರರ ದನಿ ಎಂದಿನ ಹಾಗೇ ಬಂತು. ಬಲಗಿವಿಯಲ್ಲಿ ಮಾತ್ರ, ಮಾಸ್ತರರು ಕೆಳಗಿನ ಸ್ವರಕ್ಕೆ ಇಳಿದಾಗಲೆಲ್ಲ, ಸಜ್ಜಕ ತಿನ್ನುವಾಗ ಹಲ್ಲಿಗೆ ಹಳ್ಳು ಸಿಕ್ಕಂತೆ ಕರ್ ಅನ್ನುವ ಸಪ್ಪಳ.

ಬಿಲ್ಕೀಸಳ ಅಣ್ಣ ಸಮದನದು ಖಾನಾಪುರದ ಪೇಟೆಯಲ್ಲಿ ರೇಡಿಯೋ ದುರಸ್ತಿಯ ಅಂಗಡಿ.

ಇದು ಎಂಬತ್ತೆರಡನೆಯ ಇಸವಿಯ ಮಾತು. ಸಂಗವ್ವ ಬೆಳಗಾವಿಯ ವಡಗಾವಿ ಭಾಗದ ನೇಕಾರ ತಮ್ಮಣ್ಣನ ಹೆಂಡತಿ, ಹೆಣ್ಣುಮಕ್ಕಳ ಸಾಲಿಯಲ್ಲಿ ಸಂಗೀತ ಕಲಿಸುತ್ತಿದ್ದಳು. ಬಿಲ್ಕೀಸ ಖಾನಾಪುರದ ಸಾಲಿಯಲ್ಲಿ ಮಾಸ್ತರಣಿ, ಸಂಗವ್ವನಿಗಿಂತ ಹತ್ತು ಹನ್ನೆರಡು ವರ್ಷ ಸಣ್ಣಾಕಿ. ಇಬ್ಬರೂ ಬಂಡೆಪ್ಪ ಮಾಸ್ತರರ ಕಡೆ ಹಾಡು ಕಲಿತವರು. ಮಾಸ್ತರರಿಗೆ ಶಿಷ್ಯರು ಬಹಳ ಮಂದಿ ಇದ್ದರು. ಕಡೀತನಕ ಬಿಡದೇ ಕೂತವರು ಇವರಿಬ್ಬರೇ. ಮಾಸ್ತರರು ತೀರಿಕೊಂಡ ಮೇಲೆ ಉಳಿದದ್ದು ಒಂದು ಟೇಪು. ಮುಪ್ಪಿನಾಗ ಹಾಡಿದ್ದು, ದನಿ ದೀಪದ ಬತ್ತಿಯಷ್ಟು ಸಣ್ಣದಾಗಿತ್ತು. ಆದರೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಅವರು ಎಲ್ಲಿ ಉಸಿರು ತಗೊಂಡರು, ತಗೊಂಡರೋ ಇಲ್ಲವೋ, ಅದನ್ನು ಹಿಡಿದವರಿಗೇ ಟೇಪಿನಲ್ಲಿನ ಆ ಚೀಜು, ಆ ಹಾಡು, ಒಲಿಯುವುದು. ಟೇಪ್ ರೆಕಾರ್ಡರಿನ ಬಾಯಿಂದ ಅದು ಕೇಳಿಸುತ್ತಿರಲಿಲ್ಲ. ಅದರಲ್ಲೂ ವಡಗಾವಿಯ ಓಣಿಯಲ್ಲಿ, ಹೊತ್ತು ಮೂಡುವುದರೊಳಗೆ ಮಗ್ಗಗಳು ಖಟಪಟ ಸುರುಮಾಡಿದರೆ ಪಕ್ಕದವರು ಕೂಗಿದ್ದೂ ಕೇಳದು.

ಹೀಗಾಗಿ ಹೆಡ್‌ಫೋನು. ಒಬ್ಬರ ಕೈಲೆ ಆಗುವ ಸಾಮಾನಲ್ಲ. ಒಂದೊಂದೇ ಎತ್ತು ಇದ್ದ ಇಬ್ಬರು ರೈತರು ಕೂಡಿ ಹೊಲ ಹೂಡುವ ಹಾಗೆ ಇಬ್ಬರೂ ಕೂಡಿ ಕೊಂಡರು.

ಆರಿಸಿದ ದಿನ ಸಂಗವ್ವ ಅಂಗಡಿಯವನನ್ನು ನಂಬಲಿಲ್ಲ. ಬೆಳಗಾವಿಯ ದಂಡಿನ ಕ್ಯಾಂಪಿನ ಕಡೆ ಪರದೇಶದ ಸಾಮಾನು ಮಾರುವ ಅಂಗಡಿ ಅದು. ಅವನು ತನ್ನ ಕ್ಯಾಸೆಟ್ಟು ಹಚ್ಚಲು ಹೋದರೆ ಇವಳು ತಡೆದು, ಚೀಲದಿಂದ ಮಾಸ್ತರರ ಟೇಪನ್ನೇ ತೆಗೆದು ಕೊಟ್ಟಳು. ಮೊದಲನೆಯದು ಬೆಳ್ಳಿಯಂತೆ ಹೊಳೆಯುವಂಥದ್ದು. ತಬಲಾದ ಎಡಗಡೆಯ ಬಾಯಾಂ ಡೊಳ್ಳಿನ ಹಾಗೆ ಗುದ್ದಿತು, ಮಾಸ್ತರರು ಅದರ ಹಿಂದೆ ಎಲ್ಲೋ ಕೂತಿದ್ದರು. ಎರಡನೆಯದರಲ್ಲಿ ತಂಬೂರಿ ತಾಟು ಬಡಿದಂತೆ ಝಣಗುಟ್ಟಿತು. ಅಂಗಡಿಯವ ಅದನ್ನೇ ಹೊಗಳುತ್ತಿದ್ದ. ಮೂರನೆಯದು ಜರ್ಮನಿಯದು, ಬೂದಿ ಬಣ್ಣ, ನೋಡಲು ಏನೂ ಇಲ್ಲ. ಕಿವಿಯನ್ನು ಪೂರಾ ಮುಚ್ಚಿತು, ತಲೆಯನ್ನು ಹಿಂಡಲಿಲ್ಲ. ಅದರಲ್ಲಿ ತಂಬೂರಿಯ ನಾಲ್ಕನೆಯ ತಂತಿಯ ಗುಂಯ್ ಅನ್ನುವ ನಾದ ಕಡೀತನಕ ಕೇಳಿತು. ಆಮೇಲೆ ಮಾಸ್ತರರು ಗಂಟಲಲ್ಲಿ ಉಗುಳು ನುಂಗಿದ್ದು. ಸಂಗವ್ವ ತೆಗೆದು ಬಿಲ್ಕೀಸಳ ಕಿವಿಗಿಟ್ಟಳು. ಬಿಲ್ಕೀಸ ಕಣ್ಣು ಮುಚ್ಚಿ ಕೇಳಿ, ಸೆರಗಿನಿಂದ ಮೂಗು ಒರೆಸಿಕೊಂಡಳು. ಅಲ್ಲಿಗೆ ಆರಿಸಿದ್ದು ಮುಗಿಯಿತು.

ಹೆಡ್‌ಫೋನು, ಟೇಪು ಎರಡೂ ಕೂಡಿ ಹುಣ್ಣಿಮೆಗೆ ಖಾನಾಪುರ, ಅಮಾಸೆಗೆ ಬೆಳಗಾವಿ ಎಂದು ಮಾತಾಯಿತು. ಚಂದ್ರನ ಲೆಕ್ಕ ಎರಡೂ ಮನೆಗೆ ಗೊತ್ತಿದ್ದದ್ದು, ಜಗಳವಿಲ್ಲ. ವಾಯರು ಸುತ್ತಿ ಬಿಗಿಯಬಾರದು, ವಾಯರು ಹಿಡಿದು ತೂಗಬಾರದು. ತಲೆಗೆ ಎಣ್ಣೆ ಹಚ್ಚಿದ ದಿನ ಹಾಕಿಕೊಳ್ಳಬಾರದು. ಕೇಳಿದ ಮೇಲೆ ಗಾದಿಯ ಬೆವರನ್ನು ಒಣ ಅರಿವೆಯಿಂದ ಒರೆಸಬೇಕು, ಬಿಸಿಲಿಗೆ ಇಡಬಾರದು. ಬಾಣಂತಿಯ ಪಥ್ಯದಷ್ಟು ಕಟ್ಟುನಿಟ್ಟು. ತಮ್ಮಣ್ಣ ನಗುತ್ತಿದ್ದ. ಅದನ್ನು ಹಾಕಿಕೊಂಡು ಕೂತ ಹೆಂಡತಿಯನ್ನು ನೋಡಿ, ಎತ್ತಿಗೆ ಬಾಸಿಂಗ ಕಟ್ಟಿದಾಂಗ ಕಾಣ್ತೀ ಅನ್ನುತ್ತಿದ್ದ.

ಹೀಗೆ ಕಾಪಾಡಿದ ಸಾಮಾನು ಈಗ ಕರ್ ಅನ್ನುತ್ತಿತ್ತು.

ಸಂಗವ್ವ ಯಾರ ಮುಂದೂ ಬಾಯಿ ಬಿಡಬಾರದು ಅಂದುಕೊಂಡಳು. ಬಾಜು ಮನಿ ಅಕ್ಕವ್ವ ಕಡ ಸಕ್ಕರೆ ಕೇಳಲು ಬಂದಾಗ ಬಾಯಿ ತಾನೇ ಬಿಟ್ಟಿತು. ಅಕ್ಕವ್ವ ಹೆಡ್‌ಫೋನನ್ನು ಕೈಯಲ್ಲಿ ಹಿಡಿದು ಚೂರೂ ತಿಳಿಯದಿದ್ದರೂ ಎಲ್ಲ ತಿಳಿದವಳ ಹಾಗೆ ತಿರುಗಿಸಿ ನೋಡಿದಳು.

"ಅಕೀ ಅಣ್ಣಂದು ರೇಡಿಯೋ ಅಂಗಡಿ ಅಲ್ಲೇನ? ಹಸಿದವನ ಮುಂದ ಬುತ್ತಿ ಇಟ್ಟು, ಗಂಟು ಯಾಕ ಬಿಚ್ಚಿದಿ ಅಂತ ಕೇಳ್ತೀಯಲ್ಲ ನಮ್ಮವ್ವಾ."

ಸಂಗವ್ವ ಅವಳನ್ನು ಗದರಿದಳು. ಗದರಿದರೂ ಮಾತು ಒಳಗೆ ಹೊಕ್ಕಿತು. ಸಮದ ಒಳಗಿನ ಚೊಲೋ ಸಾಮಾನು ತೆಗೆದು ಬೇರೆ ಹಾಕಿದನೋ ಏನೋ. ಮರುದಿನ ಕ್ಯಾಂಪಿನ ಅಂಗಡಿಗೆ ಒಯ್ದಳು. ಅಂಗಡಿಯವ ಭೂತಗನ್ನಡಿ ಹಿಡಿದು ನೋಡಿ, ಬಿಚ್ಚಿದ್ದು ಖರೇ, ದನಿ ಹೊರಡಿಸುವ ಒಳಗಿನ ತೆಳ್ಳನ್ನ ಪರದೆ ಮೂಲದ್ದೋ ಬದಲಿಸಿದ್ದೋ ಪೂರಾ ಬಿಚ್ಚದ ಹೊರತು ಹೇಳಲಾಗದು ಅಂದ. ಬಿಚ್ಚಲೇನು ಎಂದು ಕೇಳಿದ. ಸಂಗವ್ವ ಅವನ ಕೈಯಿಂದ ಕಸಿದುಕೊಂಡಂತೆ ತಗೊಂಡು ಬಂದಳು. ಈಗ ಅವನ ಮೇಲೂ ಸಂಶಯ.

ಸಂಶಯ ಅನ್ನುವುದು ಮನೆಗೆ ಬಂದ ಇಲಿ ಇದ್ದಾಂಗ. ಒಂದು ಡಬ್ಬಿ ಸರಿಸಿದರೆ ಇನ್ನೊಂದರ ಹಿಂದೆ ಓಡುತ್ತದೆ. ಅಮಾಸೆಗೆ ಡಬ್ಬಿ ಕೊಡುವಾಗ ಬಿಲ್ಕೀಸ ಕಣ್ಣಿಗೆ ಕಣ್ಣು ಕೊಟ್ಟಿರಲಿಲ್ಲ. ಚಹಾ ಕುಡಿಯದೇ ಗಾಡಿಯ ಹೊತ್ತಾತು ಎಂದು ಎದ್ದಿದ್ದಳು. ಗಾಡಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಹೋದ ವರ್ಷ ಮಾಸ್ತರರ ಪುಣ್ಯತಿಥಿಗೆ ಹಾಡುವಾಗ ಬಿಲ್ಕೀಸ ಆ ಚೀಜಿನ ಉಸಿರು ತನಗೆ ಸಿಕ್ಕಿದೆ ಅಂದಿದ್ದಳು. ಎಲ್ಲಿ ಅಂತ ಕೇಳಿದರೆ ನಕ್ಕಿದ್ದಳು. ಈಗ ಸಂಗವ್ವನಿಗೆ ಆ ನಗುವೂ ಬೇರೆ ಕಂಡಿತು. ತನಗೆ ಸಿಕ್ಕಿದ ಮೇಲೆ ಇನ್ನೊಬ್ಬರಿಗೆ ಸಿಗಬಾರದು ಎಂದು ಕೆಡಿಸಿದಳೋ ಏನೋ.

ಹೀಗೆ ಯೋಚಿಸಿದ್ದಕ್ಕೆ ತಾನೇ ನಾಚಿಕೊಂಡಳು. ಆದರೂ ಒಂದು ಮಾತು ಗಟ್ಟಿ ಮಾಡಿಕೊಂಡಳು. ಖಾನಾಪುರಕ್ಕೆ ಹೋಗುವುದು, ಮುಖದ ಮೇಲೆ ಕೇಳುವುದು. ಸುಳ್ಳು ಹೇಳಿದರೆ ಈ ಪಾಲುದಾರಿಕೆ ಮುರಿಯುವುದು. ಹೆಡ್‌ಫೋನು ಒಬ್ಬರಿಗೆ, ಟೇಪು ಒಬ್ಬರಿಗೆ. ತಮ್ಮಣ್ಣ ಅದನ್ನು ಕೇಳಿ ಮಗ್ಗ ನಿಲ್ಲಿಸಿದ.

"ಮಾಸ್ತರ ಹಾಡಿದ್ದು ಸರಿ ಐತೋ ತಪ್ಪ ಐತೋ ಅಂತ ಜಗಳಾ ಮಾಡಾಕ ಆಮ್ಯಾಲೆ ಯಾರನ್ನ ಹುಡುಕ್ತೀ?"

ಮರುದಿನ ಸಂಗವ್ವ ಡಬ್ಬಿಯನ್ನು ಉಡಿಯಲ್ಲಿಟ್ಟುಕೊಂಡು ಮುಂಜಾನೆಯ ಗಾಡಿ ಹತ್ತಿದಳು. ದೇಸೂರು ದಾಟುವತನಕ ಕೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಕಟ್ಟಿದಳು, ಬಿಚ್ಚಿದಳು. ಖಾನಾಪುರದಲ್ಲಿ ಇಳಿದಾಗ ಹಂಚಿನ ಭಟ್ಟಿಯ ಹೊಗೆ ಊರ ಮೇಲೆ ತೆಳ್ಳಗೆ ಹಾಸಿತ್ತು.

ಬಿಲ್ಕೀಸ ಬಾಗಿಲಲ್ಲಿ ಇವಳನ್ನು ಕಂಡು ಬೆಚ್ಚಿದಳು. ಹುಣ್ಣಿಮೆ ಇನ್ನೂ ದೂರವಿತ್ತು. ಕುಂದರ್ರಿ ಅಂದಳು, ನೀರು ಕೊಟ್ಟಳು. ತಾಯಿ ಗುಲಶನಬಿ ಒಳಗಿಂದ ಕೆಮ್ಮಿ, ಬೆಳಗಾವಿಯವರೆಲ್ಲ ಆರಾಮೇನು ಎಂದು ಕೇಳಿದಳು. ಸಂಗವ್ವ ನೀರು ಮುಟ್ಟಲಿಲ್ಲ. ಡಬ್ಬಿ ತೆಗೆದು ಬಿಲ್ಕೀಸಳ ಮುಂದೆ ಹಸಿರು ದಾರ ಕಾಣುವ ಹಾಗೆ ಹೆಡ್‌ಫೋನು ಇಟ್ಟಳು.

"ಇದನ್ನ ಯಾರು ಬಿಚ್ಚಿದ್ರು?"

ಬಿಲ್ಕೀಸ ಹಸಿರು ದಾರವನ್ನು ಬೆರಳಿನಿಂದ ಸವರಿದಳು. ಸುಳ್ಳು ಹೇಳಲಿಲ್ಲ. ಅಣ್ಣ ಬಿಚ್ಚಿದ, ನಾನೇ ಬಿಚ್ಚಿಸಿದೆ ಅಂದಳು. ಯಾಕೆ ಅಂತ ಕೇಳಿದ್ದಕ್ಕೆ, ಹುಣ್ಣಿಮೆಗೆ ಮನೆಗೆ ತಂದು ಹಚ್ಚಿದಾಗಲೇ ಕರ್ ಅಂದಿತ್ತು ಎಂದಳು.

ಸಂಗವ್ವ ನಂಬಲಿಲ್ಲ. ನಮ್ಮ ಮನ್ಯಾಗ ನೆಟ್ಟಗಿತ್ತು ಅನ್ನಲು ಬಾಯಿ ತೆಗೆದಳು. ನೆಟ್ಟಗಿತ್ತೆಂದು ತನಗೆ ಹೇಗೆ ಗೊತ್ತು? ಮಹಾನವಮಿಯ ಹೊತ್ತಿಗೆ ನೆಗಡಿಯಾಗಿ ಅವಳ ಎರಡೂ ಕಿವಿ ಮುಚ್ಚಿದ್ದವು. ಅದಾದ ಮೇಲೆ ಕೇಳದೇ ಡಬ್ಬಿಗೆ ಹಾಕಿ ಕೊಟ್ಟಿದ್ದಳು.

ಬಿಲ್ಕೀಸ ಒಳಗೆ ಹೋಗಿ ಒಂದು ಕಾಗದದ ಪುಡಿಕೆ ತಂದಳು. ಬಿಚ್ಚಿದರೆ ಒಳಗೆ ಕರಿ ಪುಡಿ, ಅದರಲ್ಲಿ ಕೆಂಪು ಬೆರೆತದ್ದು. ಸಂಗವ್ವ ಬೆರಳಿಗೆ ಹಚ್ಚಿ ಮೂಸಿದಳು. ಕುಂಕುಮ. ಜೊತೆಗೆ ಕಬ್ಬಿಣ.

ಆಗ ಎಲ್ಲ ಕಣ್ಣಿಗೆ ಕಟ್ಟಿತು. ಮಹಾನವಮಿಗೆ ಆಯುಧ, ಸಾಧನಗಳನ್ನು ಪೂಜಿಸುವ ಖಂಡೇಪೂಜೆಯ ದಿನ ವಡಗಾವಿಯ ಎಲ್ಲ ಮನೆಗಳಂತೆ ಇವರ ಮನೆಯಲ್ಲೂ ಮಗ್ಗ ತೊಳೆದು, ಲಾಳಿ, ಕಂಡಿಕೆ, ಪಾನಾ, ಅರ ಎಲ್ಲವನ್ನೂ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದರು. ಹಿಂದಿನ ದಿನ ತಮ್ಮಣ್ಣ ಮಗ್ಗದ ಒಂದು ಸರಳನ್ನು ಅದೇ ಹಲಗೆಯ ಮೇಲಿಟ್ಟು ಅರದಿಂದ ತಿಕ್ಕಿದ್ದ. ಹಲಗೆ ಒರೆಸಿದ್ದು ಅರ್ಧಮರ್ಧ. ಇದೂ ನನ್ನ ವಿದ್ಯೆಯ ಸಾಧನ ಅಂತ ಸಂಗವ್ವ ತಾನೇ ಹೆಡ್‌ಫೋನನ್ನು ತಂದು ಬಲಗಿವಿ ಅರದ ಬಾಜು ಬರುವ ಹಾಗೆ ಬೋರಲಾಗಿ ಇಟ್ಟಿದ್ದಳು. ಕುಂಕುಮ ಏರಿಸಿ, ಊದಿನಕಡ್ಡಿ ಬೆಳಗಿ, ಕೈ ಮುಗಿದಿದ್ದಳು. ಒಳಗೆ ಅಯಸ್ಕಾಂತವಿದ್ದ ಸಾಮಾನು ಕಬ್ಬಿಣದ ಪುಡಿಯನ್ನು ಸುಮ್ಮನೆ ಬಿಟ್ಟೀತೇ? ಹಗಲೆಲ್ಲ ಎಳೆದುಕೊಂಡಿತ್ತು.

ಗೊತ್ತಾದರೂ ಸಂಗವ್ವನ ಮನಸ್ಸು ಕೂಡಲೇ ಇಳಿಯಲಿಲ್ಲ. ಒಮ್ಮೆ ಏರಿದ ಸಂಶಯ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಇದು ನನ್ನ ತಪ್ಪೇ ಇರಲಿ, ನೀನು ಮುಚ್ಚಿಟ್ಟಿದ್ದು ಯಾಕೆ ಎಂದು ಕೇಳಿದಳು. ಒಂದು ಮಾತು ಹೇಳಿದ್ದರೆ ನಾನು ಇಷ್ಟು ದಿನ ನಿನ್ನ ಬಗ್ಗೆ ಏನೇನೋ ಅಂದುಕೊಳ್ಳುತ್ತಿರಲಿಲ್ಲ ಅಂದಳು.

ಬಿಲ್ಕೀಸ ಪುಡಿಕೆಯನ್ನು ಮತ್ತೆ ಮಡಚುತ್ತ ಕೂತಳು. ಆಮೇಲೆ ನಿಧಾನಕ್ಕೆ ಅಂದಳು:

"ನಿಮ್ಮ ಪೂಜಿ ಮಾಡಿದ್ದರಿಂದ ಇದು ಕೆಟ್ಟತು ಅಂತ ನಾ ಹ್ಯಾಂಗ ಹೇಳ್ಲಿ ಸಂಗಕ್ಕಾ? ನಿಮ್ಮ ಬಾಜು ಮನಿ ಅಕ್ಕವ್ವ ಹೇಳಿದ್ರ ಅದು ಬರೇ ಮಾತು. ನಾ ಹೇಳಿದ್ರ ಅದು ಬ್ಯಾರೇನ ಆಗ್ತದ. ಅಣ್ಣಗ ಹೇಳ್ದೆ, ಗೊತ್ತಾಗದಾಂಗ ಸ್ವಚ್ಛ ಮಾಡಿ ಕೊಟ್ಟಬಿಡು ಅಂತ. ಆಗಲಿಲ್ಲ. ಅಷ್ಟರಾಗ ಅಮಾಸಿ ಬಂತು."

"ಅದಕ್ಕ ಅವತ್ತು ಚಹಾ ಕುಡೀದ ಓಡಿದಿ."

"ಹ್ಞೂಂ. ನಿಮ್ಮ ಮಾರಿ ನೋಡಿದ್ರ ಹೇಳಿಬಿಡ್ತಿದ್ದೆ."

ಸಂಗವ್ವ ಆಗ ನೀರಿನ ತಂಬಿಗೆ ಎತ್ತಿ ಗಟಗಟ ಕುಡಿದಳು. ಒಳಗಿನಿಂದ ಗುಲಶನಬಿ ಬಿಲ್ಕೀಸಳಿಗೆ ದಖನಿಯಲ್ಲಿ ಏನೋ ಬೈದಳು. ಏನಂತ ಸಂಗವ್ವ ಕೇಳಿದ್ದಕ್ಕೆ ಬಿಲ್ಕೀಸ ನಗು ತಡೆದು, ಇಬ್ಬರಿಗೂ ಕಿವಿ ಅದಾವ, ಬಾಯಿ ಇಲ್ಲ ಅನ್ನಾಕತ್ತಾಳ ಅಂದಳು.

ಹೋಗಿ ಸಮದನನ್ನೇ ಕಾಣೂಣು ಎಂದು ಇಬ್ಬರೂ ಎದ್ದರು. ದಾರಿಯಲ್ಲಿ ಸಂಗವ್ವ ಕ್ಯಾಂಪಿನ ಅಂಗಡಿಗೆ ಒಯ್ದದ್ದನ್ನು ಹೇಳಿದಳು. ಅಕ್ಕವ್ವ ಅಂದದ್ದನ್ನೂ, ತಾನು ಅಂದುಕೊಂಡದ್ದನ್ನೂ ಹೇಳಿದಳು. ಆ ಚೀಜಿನ ಉಸಿರಿಗಾಗಿ ಕೆಡಿಸಿದಳೋ ಅಂದುಕೊಂಡ ಮಾತೊಂದನ್ನು ಮಾತ್ರ ನುಂಗಿದಳು. ಬಿಲ್ಕೀಸ ಕೇಳುತ್ತ ನಡೆದಳು. ಮುಖ ಸ್ವಲ್ಪ ಬಿಗಿಯಿತು. ಪೇಟೆಯ ತಿರುವಿನಲ್ಲಿ, ಅಂವಾ ನಮ್ಮಣ್ಣ ಅಕ್ಕಾ ಅಂದಳು, ಅಷ್ಟೇ. ಸಂಗವ್ವನಿಗೆ ಯಾರಾದರೂ ಬೈದಿದ್ದರೆ ಚೊಲೋ ಇತ್ತು ಅನ್ನಿಸಿತು.

ಸಮದ ತಂಗಿಯ ಹಿಂದೆ ಸಂಗವ್ವನನ್ನು ಕಂಡು ಸ್ಟೂಲು ಒರೆಸಿ ಕೊಟ್ಟ. ಎಲ್ಲ ಕೇಳಿ, ಅಂಟಿನ ಪಟ್ಟಿಯಿಂದ ಎತ್ತಿ ಎತ್ತಿ ತೆಗೆದಿದ್ದೆ, ಕಡೆಯ ಎರಡು ಕಾಳು ಸಂದಿಯಲ್ಲಿ ಕೂತಿವೆ, ಪರದೆ ಹರಿದೀತೆಂದು ಅಲ್ಲಿಗೇ ಬಿಟ್ಟೆ ಅಂದ. ಇನ್ನೊಮ್ಮೆ ನೋಡುತ್ತೇನೆ, ಆದರೆ ಹರಿದರೆ ನನ್ನನ್ನು ಅನ್ನಬಾರದು ಎಂದು ಸಂಗವ್ವನ ಕಡೆ ನೋಡಿದ. ಪರದೆ ಮೂಲದ್ದೇ ಅದ, ಬಿಚ್ಚಿದಾಗ ನೀವ ಕಣ್ಣಾರೆ ನೋಡ್ರಿ ಅಂತಲೂ ಸೇರಿಸಿದ.

ಅದಕ್ಕೆಂದೇ ಅವಳು ಅಷ್ಟು ದೂರ ಬಂದದ್ದು. ಸಮದ ಹಸಿರು ದಾರ ಕತ್ತರಿಸಿ, ಗಾದಿ ತೆಗೆದು, ಸ್ಕ್ರೂಡ್ರೈವರ್ ಹಚ್ಚಿದ. ಮೊದಲ ಸ್ಕ್ರೂ ತಿರುಗುವಾಗ ಸಂಗವ್ವ ಸ್ಟೂಲಿನ ಮೇಲೆ ಹೊರಳಿ, ಮೇಜಿಗೆ ಬೆನ್ನು ಮಾಡಿ, ರಸ್ತೆಯ ಕಡೆ ಮುಖ ಹಾಕಿ ಕೂತಳು.

"ಯಾಕ್ರೀ ಅಕ್ಕಾ, ನೋಡಂಗಿಲ್ಲೇನು?" ಬಿಲ್ಕೀಸ ಕೇಳಿದಳು.

"ನೀ ನೋಡಾಕತ್ತೀಯಲ್ಲ," ಅಂದಳು ಸಂಗವ್ವ.

ಹಿಂದೆ ಎರಡನೆಯ ಸ್ಕ್ರೂ ತಟ್ಟೆಯಲ್ಲಿ ಟಿಣ್ ಎಂದು ಬಿತ್ತು. ಅವಳು ತಿರುಗಲಿಲ್ಲ.