ನಾಲ್ಕು ಬೆರಳು ಗಿಡ್ಡ ಜಾಕ್

ಪುಷ್ಪಲತಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಜೀಪಿನಡಿಗೆ ಬಗ್ಗಿದಳು. ಹಿಂದಿನ ಆಕ್ಸಲ್ಲಿಗೆ ಜಾಕ್ ಕೊಟ್ಟು ಹಿಡಿಕೆ ಒತ್ತತೊಡಗಿದಳು. ಬಿಕ್ಕೋಡು ದಾಟಿ ಹೊಲದ ಕಡೆ ತಿರುಗುವ ಏರಿನಲ್ಲಿ ಪಂಕ್ಚರ್ ಆಗಿತ್ತು. ಮೇಲೆ ಅವಳ ಅಪ್ಪ ದೇವೀರಪ್ಪ ಹಣೆತುಂಬ ವಿಭೂತಿ, ಕೊರಳತುಂಬ ಸೇವಂತಿಗೆ ತೊಟ್ಟು, ಹಲಗೆಯ ಮೇಲೆ ಚಕ್ಕಳಮಕ್ಕಳ ಕೂತಿದ್ದ. ತೋಟದ ಆಳುಗಳನ್ನು ಬೆಳಿಗ್ಗೆ ಬಿಡುವುದು, ಸಂಜೆ ತರುವುದು, ನಡುವೆ ಬೇಲೂರಿಗೊಂದು ಬಾಡಿಗೆ, ಇಷ್ಟರಲ್ಲೇ ಅವನ ಬದುಕು ಮುಗಿದಿತ್ತು. ಮೂವತ್ತು ವರ್ಷ ತಾನೇ ಓಡಿಸಿದ ಫೋರ್‌ವೀಲ್ ಜೀಪಿನಲ್ಲಿ ಅವನು ಹಿಂದೆ ಕೂತದ್ದು ಇದೇ ಮೊದಲು.

"ಇಳ್ಸಿ ಬ್ಯಾರೆ ಗಾಡಿಗೆ ಕೂರ್ಸನ," ಅಂದ ಚಿದಂಬರ. ಅಪ್ಪನ ಜೊತೆ ಅದೇ ಸ್ಟ್ಯಾಂಡಿನಲ್ಲಿ ಜೀಪಿಟ್ಟಿದ್ದವನು, ಇವತ್ತು ಅಪ್ಪನ ಸ್ಟೇರಿಂಗ್ ಹಿಡಿದಿದ್ದ.

"ಎಲ್ಲಾರ ಉಂಟೇನ್ಲಾ?" ದೊಡ್ಡಪ್ಪ ಸಿದ್ದಬಸಪ್ಪ ಗದರಿದ. "ಎತ್ತಿದ್ ಮ್ಯಾಲೆ ಗುಂಡಿ ಮುಟ್ಟೋ ತನ್ಕ ಇಳ್ಸಂಗಿಲ್ಲ. ಹೊತ್ತು ಮುಳುಗಾದ್ರೊಳ್ಗೆ ಮಣ್ಣಾಗ್ಬೇಕು."

ಜಾಕ್ ಏರುವಷ್ಟೂ ಏರಿ ನಿಂತಿತು. ಟೈರು ಮಾತ್ರ ನೆಲ ಬಿಡಲಿಲ್ಲ.

ಚಿದಂಬರ ಬಗ್ಗಿ ನೋಡಿದ. "ಇದು ಕಾರಿನ್ ಜಾಕು ಕಣವ್ವ. ಭಾರ ಎತ್ತುತ್ತೆ, ಎತ್ರ ಸಾಲ್ದು. ನಾಲ್ಕ್ ಬೆರಳು ಗಿಡ್ಡ. ಯಾವ್ ಪುಣ್ಯಾತ್ಮ ತಂದಿದ್ನೋ."

ಪುಷ್ಪಲತಾ ಹಿಡಿಕೆಯನ್ನು ಇನ್ನೊಮ್ಮೆ ಒತ್ತಿ ನೋಡಿದಳು. ತಂದವಳು ಅವಳೇ.

*

ಆರು ವರ್ಷದ ಹಿಂದೆ, ಸವೆದ ಹಳೇ ಸ್ಕ್ರೂ ಜಾಕ್ ಜಾರಿ ಅಪ್ಪನ ಎರಡು ಬೆರಳು ಜಜ್ಜಿಹೋಗಿದ್ದವು. ಆಗಷ್ಟೇ ಅರಸೀಕೆರೆ ಡಿಪೋದಲ್ಲಿ ಕಂಡಕ್ಟರಾಗಿ ಸೇರಿದ್ದ ಪುಷ್ಪಲತಾ ಡ್ಯೂಟಿ ಮುಗಿಸಿದವಳೇ ಅಂಗಡಿಗೆ ಹೋದಳು. ಅಂಗಡಿಯವನು ನಾಲ್ಕಾರು ಥರದ್ದು ಮುಂದಿಟ್ಟು, "ಎಷ್ಟು ಭಾರ ಎತ್ಬೇಕಮ್ಮ?" ಅಂದ. ಜೀಪು ಒಂದೂವರೆ ಟನ್ನು, ಅಪ್ಪ ತುಂಬುವ ಜನ ಇನ್ನೊಂದು ಟನ್ನು ಎಂದು ಅಂದಾಜು ಹಾಕಿ, ಮೂರು ಟನ್ನಿನ ಎಣ್ಣೆ ಜಾಕನ್ನು ಆರಿಸಿದಳು. ಎಷ್ಟು ಎತ್ತರ ಎಂದು ಅವನೂ ಕೇಳಲಿಲ್ಲ, ಇವಳಿಗೂ ಹೊಳೆಯಲಿಲ್ಲ.

ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ನಮ್ ಗಾಡಿಗೆ ಹೇಳಿ ಮಾಡ್ಸಿದಂಗೈತೆ ಕಣವ್ವ," ಅಂದ.

ಮಾರನೇ ದಿನ ಹಿತ್ತಿಲಲ್ಲಿ, ಬಟ್ಟೆ ಸುತ್ತಿದ ಬೆರಳಲ್ಲೇ ಉಳಿ ಹಿಡಿದು ಹೊನ್ನೆಮರದ ತುಂಡೊಂದನ್ನು ಕೆತ್ತುತ್ತಾ ಕೂತಿದ್ದ. ಏನದು ಅಂದರೆ, "ನಿಮ್ಮವ್ವಂಗೆ ಕೂರಾಕೆ ಮಣೆ," ಅಂದಿದ್ದ.

*

ಅವಳಿಗೆ ನಾಚಿಕೆಗಿಂತ ಸಂಕಟವೇ ಹೆಚ್ಚಾಯಿತು. ಇಷ್ಟು ವರ್ಷ ಅಪ್ಪ ನಡುದಾರಿಯಲ್ಲಿ ಇದನ್ನಿಟ್ಟುಕೊಂಡು ಏನು ಪಾಡು ಪಟ್ಟನೋ. ಕೊನೇ ದಾರಿಗೂ ತಾನೇ ಅಡ್ಡ ಬಂದ ಹಾಗಾಯಿತಲ್ಲ ಎಂದುಕೊಂಡಳು.

"ಯಾವ್ದಾರ ಮರದ್ ತುಂಡು ಸಿಕ್ರೆ ಅಡಿಗೆ ಕೊಡ್ಬೋದು," ಚಿದಂಬರ ಬೇಲಿಯತ್ತ ಕಣ್ಣಾಡಿಸಿದ.

"ನಿಮ್ಮಪ್ಪನ್ ಕೆಳ್ಗೊಂದೈತೆ ನೋಡು," ಜೀಪಿನೊಳಗಿಂದ ಅವ್ವ ಶಿವಗಂಗಮ್ಮ ಹೇಳಿದಳು. ಬೆಳಿಗ್ಗೆ ಜೀಪು ತೊಳೆದ ಹುಡುಗರು ಸೀಟಿನಡಿ ಸಿಕ್ಕ ತುಂಡನ್ನು, ಹೆಣ ವಾಲದಿರಲೆಂದು ಹಲಗೆಯ ಒಂದು ಬದಿಗೆ ಕೊಟ್ಟಿದ್ದರು.

"ಅದ್ನೆಳುದ್ರೆ ಬೀಳ್ತಾನೆ," ಅಂದ ದೊಡ್ಡಪ್ಪ.

"ನಾನ್ ಹಿಡ್ಕತೀನಿ ಬಿಡಿ ಭಾವ." ಅವ್ವ ಪಕ್ಕಕ್ಕೆ ಸರಿದು ಗಂಡನಿಗೆ ಹೆಗಲು ಕೊಟ್ಟಳು.

ಪುಷ್ಪಲತಾ ತುಂಡನ್ನು ಎಳೆದು ತಿರುಗಿಸಿದಳು. ಸರಿಯಾಗಿ ನಾಲ್ಕು ಬೆರಳು ದಪ್ಪ. ನಡುವೆ ಉಳಿಯಲ್ಲಿ ತೆಗೆದ ಚೌಕದ ಗುಳಿ, ಎಣ್ಣೆ ಕುಡಿದು ಕಪ್ಪಾಗಿತ್ತು. ಜಾಕ್ ಇಟ್ಟರೆ ಒಂದಿಷ್ಟೂ ಅಲುಗದೆ ಕೂತಿತು. ಅವಳ ಕಣ್ಣು ತುಂಬಿ ಬಂತು.

"ಗಿಡ್ಡ ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ," ಅಂದಳು, ಮೇಲೆ ನೋಡದೆ.

ಅವ್ವ ಬಗ್ಗಿ ಗುಳಿಯನ್ನು ನೋಡಿದಳು. "ಇದೇನಾ ನನ್ ಮಣೆ? ಆರ್ ವರ್ಸದಿಂದ ಕೇಳ್ತಾ ಇವ್ನಿ. ಇವತ್ತು ನಾಳೆ ಅಂತ್ಲೇ ಕಳುದ್ರು."

ಚಕ್ರ ನೆಲ ಬಿಟ್ಟಿತು. ಚಿದಂಬರ ಸ್ಟೆಪ್ನಿ ಹಾಕಿ ನಟ್ಟು ಬಿಗಿದ. ಹೊತ್ತು ಮುಳುಗಲು ಇನ್ನೂ ಸಮಯವಿತ್ತು.

ಪುಷ್ಪಲತಾ ಮರದ ತುಂಡನ್ನು ಮತ್ತೆ ಹಲಗೆಯಡಿ ತಳ್ಳಲು ಹೋದಳು. ಅವ್ವ ಕೈಚಾಚಿ ಈಸಿಕೊಂಡಳು. ಮಣ್ಣು ಒರೆಸಿ ಗಂಡನ ಮಗ್ಗುಲಿಗಿಟ್ಟು, ಸೀರೆ ಸರಿಮಾಡಿಕೊಂಡು ಅದರ ಮೇಲೆ ಕೂತಳು. ವಾಲಿದ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು.

"ಹೂಂ, ನಡೀಲಿ," ಅಂದಳು.