ನದಿಯಾಚೆಯ ಗಂಟೆ

ಕಾರು ಸೇತುವೆಯ ನಡುವಿಗೆ ಬರುತ್ತಿದ್ದಂತೆ ಓರ್ಲೀನ್ ಚಿಕ್ಕಮ್ಮ ಕನ್ನಡಕವನ್ನು ಹಣೆಗೇರಿಸಿ, ಕೈಗಡಿಯಾರದ ಕೀಲಿ ಎಳೆದು, ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದಳು. ಕೆಳಗೆ ಸ್ನೇಕ್ ನದಿ. ಹಿಂದೆ ಉಳಿದದ್ದು ಐಡಹೊ, ಮುಂದಿನದು ಗಡಿಯಾರ ಒಂದು ಗಂಟೆ ಹಿಂದಿರುವ ಆರೆಗಾನ್. ದೂರದ ಪೂರ್ವದಲ್ಲಿ, ವೆಸ್ಟ್ ವರ್ಜೀನಿಯಾದ ಮನೆ ಬಿಟ್ಟ ಮೇಲೆ ಹೀಗೆ ತಿರುಗಿಸಿದ್ದು ಇದು ಮೂರನೇ ಸಲ. ಪಶ್ಚಿಮಕ್ಕೆ ಹೋದಂತೆಲ್ಲ ಗಂಟೆಗಳು ಪುಕ್ಕಟೆ ಸಿಗುತ್ತವೆ ಎನ್ನುವುದೊಂದೇ ಈ ಐದು ದಿನದ ಪ್ರಯಾಣದಲ್ಲಿ ಅವಳಿಗೆ ಹಿಡಿಸಿದ ಸಂಗತಿ.

"ಒಂಬತ್ತೂವರೆ," ಎಂದಳು. "ಇನ್ನೂ ಅರ್ಧ ಗಂಟೆ ಇದೆ. ನಿಧಾನಕ್ಕೆ ಹೋಗೇ ಮಾರ್ಲಾ. ಮುಂಚೇನೇ ಹೋಗಿ ಕೂತ್ರೆ ನಮ್ಮ ಗರಜು ಆ ಪ್ರೊಫೆಸರಮ್ಮಂಗೆ ಗೊತ್ತಾಗತ್ತೆ."

"ಗರಜು ಇರೋದು ನಿಜ ತಾನೆ, ಚಿಕ್ಕಮ್ಮ."

"ಇದ್ರೆ ಇರ್ಲಿ. ಹಣೆ ಮೇಲೆ ಬರ್ಕೊಂಡು ಹೋಗ್ಬೇಕಾ?"

ಮಾರ್ಲಾಳಿಗೆ ಇಪ್ಪತ್ತಾರು ವರ್ಷ. ತಮ್ಮ ಜಿಲ್ಲೆಯ, ಅಂದರೆ ಕೌಂಟಿಯ, ನೀರು ಪರೀಕ್ಷೆ ಲ್ಯಾಬಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು, ನದಿಗಳ ಬಗ್ಗೆ ಸ್ನಾತಕೋತ್ತರ ಓದಿಗೆಂದು ಪೋರ್ಟ್‌ಲೆಂಡಿಗೆ ಹೊರಟಿದ್ದಳು. ಆ ಊರಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ ಹೆಸರು, ತನಗೆ ಮಾರ್ಗದರ್ಶಕಿಯಾಗಬೇಕಿದ್ದ ಪ್ರೊಫೆಸರ್, ಡಾಕ್ಟರ್ ಹಾಲ್ವರ್ಸನ್. ಅದೂ ಕಾಗದದ ಪರಿಚಯ, ಮುಖ ನೋಡಿರಲಿಲ್ಲ. ಕಲ್ಲಿದ್ದಲ ಗಣಿಯ ನೀರು ಸೇರಿ ಕಿತ್ತಳೆ ಬಣ್ಣಕ್ಕೆ ತಿರುಗಿದ ತಮ್ಮೂರ ಹಳ್ಳದ ಬಗ್ಗೆ ಮಾರ್ಲಾ ಒಂದು ಪುಟ ಬರೆದರೆ, ಆಕೆ ನಾಲ್ಕು ಪುಟ ಪ್ರಶ್ನೆ ಬರೆದು ಕಳಿಸುತ್ತಿದ್ದರು. ಆ ಹಾಳು ಹಳ್ಳದ ಬಗ್ಗೆ ಅಷ್ಟು ಕೇಳಿದವರು ಹುಟ್ಟಿದಾಗಿನಿಂದ ಇನ್ನೊಬ್ಬರಿರಲಿಲ್ಲ. ಎರಡು ವರ್ಷ ಆ ಪತ್ರಗಳ ಧೈರ್ಯದ ಮೇಲೇ ಅವಳು ಬದುಕಿದ್ದಳು ಎಂದರೂ ಸರಿಯೆ.

ಮೊನ್ನೆ ವಯೋಮಿಂಗಿನ ಪೆಟ್ರೋಲ್ ಬಂಕೊಂದರಿಂದ, ರೂಮಿನ ಬೀಗದ ಕೈ ವಿಚಾರಿಸಲು ವಿಭಾಗಕ್ಕೆ ಫೋನ್ ಮಾಡಿದಾಗ ಅಲ್ಲಿಯ ಗುಮಾಸ್ತೆ ಮಾತಿನ ಮಧ್ಯೆ, "ಹಾಲ್ವರ್ಸನ್ ಹೋಗ್ತಿದಾರಲ್ಲ, ನಿಮಗೆ ಬೇರೆ ಯಾರನ್ನಾದ್ರೂ ನೋಡ್ತೀವಿ ಬಿಡಿ," ಎಂದುಬಿಟ್ಟಳು. ಮಾರ್ಲಾ ಹಾಲ್ವರ್ಸನ್‌ರ ಮನೆ ನಂಬರು ಪಡೆದು ಫೋನಿಗೆ ಮತ್ತೆ ಚಿಲ್ಲರೆ ಹಾಕಿದಳು. ಆ ಕಡೆ ಪೆಟ್ಟಿಗೆಗಳಿಗೆ ಟೇಪು ಎಳೆಯುವ ಸದ್ದು.

"ಪತ್ರ ಹಾಕಿದ್ದೆ. ನೀನು ಹೊರಟ ಮೇಲೆ ತಲುಪಿದೆ ಅಂತ ಕಾಣತ್ತೆ," ಎಂದರು ಹಾಲ್ವರ್ಸನ್. ಅವರ ಹೊಸ ಕೆಲಸ ಓಹಾಯೋದಲ್ಲಂತೆ. ಮಾರ್ಲಾಳ ಮನೆಯಿಂದ ನಾಲ್ಕು ಗಂಟೆಯ ದಾರಿ. ತಾನೂ ಅಲ್ಲಿಗೇ ಬರಲೇ ಎಂದು ಅವಳು ತಡವರಿಸುತ್ತ ಕೇಳಿದಾಗ ಟೇಪಿನ ಸದ್ದು ನಿಂತಿತು. "ಅದು ಫೋನಲ್ಲಿ ಹೇಳೋ ಮಾತಲ್ಲಮ್ಮ. ಶನಿವಾರ ನಾನೂ ಅದೇ ರಸ್ತೇಲಿ ಎದುರುಗಡೆ ಬರ್ತೀನಿ. ನದಿ ದಾಟಿದ ತಕ್ಷಣ ಆಂಟೇರಿಯೋ ಅಂತ ಊರು. ಹೈವೇ ಪಕ್ಕದ ಹೋಟೆಲಲ್ಲಿ ಹತ್ತು ಗಂಟೆಗೆ ಸಿಗು. ಹತ್ತೂಮುಕ್ಕಾಲಿಗೆ ನಾನು ಹೊರಡ್ಲೇಬೇಕು."

ಬಾ ಎನ್ನುತ್ತಾರೋ ಬೇಡ ಎನ್ನುತ್ತಾರೋ. ಬಾ ಎಂದರೆ ಬಂದ ದಾರಿಯನ್ನೆಲ್ಲ ಮತ್ತೆ ಸವೆಸಬೇಕು. ಬೇಡ ಎಂದರೆ ಯಾರೂ ಇಲ್ಲದ ಊರಿಗೆ ಹೋಗಬೇಕು. ಎರಡರಲ್ಲಿ ತನಗೆ ಯಾವುದು ಬೇಕು ಎಂಬುದೇ ಮಾರ್ಲಾಳಿಗೆ ತಿಳಿಯದೆ ಎರಡು ರಾತ್ರಿ ಕಳೆದಿದ್ದವು.

ಹೋಟೆಲಿನ ಎದುರು, ರಸ್ತೆಯ ಈಚೆ ಒಂದು ಮರದ ನೆರಳಲ್ಲಿ ಕಾರು ನಿಲ್ಲಿಸಿದರು. ಊರಿಗೆ ಊರೇ ಈರುಳ್ಳಿ ವಾಸನೆ. ಲಾರಿಗಳಿಂದ ಉದುರಿದ ಸಿಪ್ಪೆ ರಸ್ತೆಯ ಅಂಚಿಗೆ ಹಾರಾಡುತ್ತಿತ್ತು. ಚಿಕ್ಕಮ್ಮ ಡಬ್ಬಿ ಬಿಚ್ಚಿ, ಮನೆಯಿಂದ ತಂದಿದ್ದ, ಮಾಂಸದ ಚೂರು ತುಂಬಿ ಬೇಯಿಸಿದ ಪೆಪ್ಪರೋನಿ ರೋಲುಗಳಲ್ಲಿ ಉಳಿದ ಎರಡನ್ನು ಹೊರತೆಗೆದಳು. ಒಳಗೆ ಹೋಗಿ ದುಡ್ಡು ಕೊಟ್ಟು ತಿನ್ನುವುದಕ್ಕಿಂತ ಇದೇ ವಾಸಿ ಎಂಬುದು ಅವಳ ನ್ಯಾಯ.

"ತಿನ್ನೇ. ಹಸಿದ ಹೊಟ್ಟೇಲಿ ಯಾರ ಹತ್ರಾನೂ ಏನೂ ಕೇಳ್ಬಾರ್ದು, ಅಳು ಬರತ್ತೆ."

ಹಾಗೆ ತಿನ್ನುತ್ತಿರುವಾಗಲೇ ಹೋಟೆಲಿನ ಅಂಗಳದಿಂದ ಹಳದಿ ಬಣ್ಣದ ಬಾಡಿಗೆ ಟ್ರಕ್ಕೊಂದು ಹೊರಬಂತು. ಅದರ ಹಿಂದೆ ಸಣ್ಣ ಟ್ರೇಲರಿನ ಮೇಲೆ ಕೆಂಪು ದೋಣಿ.

"ನೋಡು, ಮನೆ ಬದಲಾಯಿಸೋರಿಗೆ ದೋಣಿ ಬೇರೆ," ಎಂದು ಚಿಕ್ಕಮ್ಮ ನಕ್ಕಳು. ಮಾರ್ಲಾ ಕೂಡ ಆ ದೋಣಿ ಸೇತುವೆಯ ಕಡೆ ತಿರುಗುವವರೆಗೆ ನೋಡುತ್ತಿದ್ದಳು.

ಕೈಗಡಿಯಾರದಲ್ಲಿ ಹತ್ತಕ್ಕೆ ಐದು ನಿಮಿಷ ಇರುವಾಗ ಇಬ್ಬರೂ ಒಳಗೆ ಹೋದರು. ಗೋಡೆಯ ಗಡಿಯಾರ ಹನ್ನೊಂದಕ್ಕೆ ಐದು ನಿಮಿಷ ತೋರಿಸುತ್ತಿತ್ತು.

"ನಿಮ್ಮ ಗಡಿಯಾರ ಒಂದು ಗಂಟೆ ಮುಂದಿದೆಯಲ್ಲಮ್ಮ," ಎಂದಳು ಚಿಕ್ಕಮ್ಮ, ಕಾಫಿ ಹಿಡಿದು ಬಂದ ಹೆಂಗಸಿಗೆ.

ಆ ಹೆಂಗಸು ಗಡಿಯಾರದತ್ತ ತಿರುಗಿಯೂ ನೋಡಲಿಲ್ಲ. "ನದಿ ದಾಟಿದ ಕೂಡ್ಲೆ ತಿರುಗಿಸಿಬಿಟ್ರಾ? ದಿನಕ್ಕೆ ಒಬ್ಬರಾದ್ರೂ ಹೀಗ್ಮಾಡ್ತಾರೆ. ಆರೆಗಾನ್‌ದು ಬೇರೆ ಗಂಟೆ, ಸರಿ. ನಮ್ಮ ಕೌಂಟಿಗೆ ಮಾತ್ರ ಐಡಹೊದ್ದೇ. ಗಂಟೆ ಬದಲಾಗೋ ಬೋರ್ಡು ಇನ್ನೂ ಮುಂದೆ, ಮೂವತ್ತು ಮೈಲಿ ಆದ್ಮೇಲೆ ಬರತ್ತೆ." ಆಮೇಲೆ ಮಾರ್ಲಾಳ ಮುಖ ನೋಡಿ ದನಿ ತಗ್ಗಿಸಿದಳು. "ಹಾಲ್ವರ್ಸನ್ ಕಾಯ್ತಿದ್ದ ಹುಡುಗಿ ನೀನೇನಾ? ಹತ್ತು ನಿಮಿಷ ಆಯ್ತು ಹೋಗಿ. ಬಾಗಿಲ ಕಡೇನೇ ಮುಖ ಮಾಡ್ಕೊಂಡು ಕೂತಿದ್ರು. ಇನ್ನು ಬರಲ್ಲ ಅಂತ ಕಾಣತ್ತೆ, ಮನಸ್ಸು ಬದಲಾಯಿಸಿರಬೇಕು ಅಂದ್ರು. ಹಳದಿ ಟ್ರಕ್ಕು, ಹಿಂದೆ ದೋಣಿ."

ಹದಿನೆಂಟು ವರ್ಷ ಇದೇ ಕೌಂಟಿಯ ನದಿಗಳನ್ನು ಅಳೆದವರು ಹಾಲ್ವರ್ಸನ್. ಇಲ್ಲಿಯ ಹತ್ತು ಗಂಟೆ ಯಾವುದೆಂದು ಬಿಡಿಸಿ ಹೇಳಬೇಕೆಂಬುದು ಅವರಿಗೆ ಹೊಳೆದೇ ಇರಲಿಲ್ಲ.

ಮಾರ್ಲಾ ಕಾರಿಗೆ ಬಂದು, ಸೇತುವೆಯ ಕಡೆಗೇ ತಿರುಗಿಸಿದಳು.

"ನಂದೇ ತಪ್ಪು ಕಣೇ," ಎಂದಳು ಚಿಕ್ಕಮ್ಮ, ಮುಳ್ಳನ್ನು ಮತ್ತೆ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತ. "ನನ್ನ ಈ ದರಿದ್ರ ವಾಚು."

"ನಾನೂ ಸರಿ ಅಂದೆನಲ್ಲ."

"ಸಿಕ್ಕಿದ್ರೆ ಏನು ಕೇಳ್ತೀಯ?"

ಪೂರ್ವಕ್ಕೆ ತಿರುಗಿದ್ದೇ ತಡ ಮಾರ್ಲಾಳ ಎದೆ ಹಗುರವಾಗಿತ್ತು, ನಾಚಿಕೆಯಾಗುವಷ್ಟು ಹಗುರ. ತಾನು ಹಾಲ್ವರ್ಸನ್‌ರ ಬೆನ್ನು ಹತ್ತಿದ್ದೇನೋ, ಆ ನೆಪದಲ್ಲಿ ಮನೆಗೇ ಹೊರಟಿದ್ದೇನೋ? ಟ್ರಕ್ಕು ಸಿಗದಿದ್ದರೆ ಎಲ್ಲಿ ನಿಲ್ಲುವುದು? ಬಾಯ್ಸಿ ನಗರ ಬಂತು, ಹೋಯಿತು. ಆಗಸ್ಟ್ ತಿಂಗಳು, ಹಳದಿ ಟ್ರಕ್ಕುಗಳಿಗೇನು ಬರವಿರಲಿಲ್ಲ. ದಾರಿಯಲ್ಲಿ ಸಿಕ್ಕ ಮೂರರ ಹಿಂದೆಯೂ ದೋಣಿ ಇರಲಿಲ್ಲ. ಪ್ರತಿ ಸಲವೂ ಅವಳಿಗೆ ನಿರಾಸೆಯಾಯಿತು, ಪ್ರತಿ ಸಲವೂ ಸಮಾಧಾನವೂ ಆಯಿತು. ಇದೆಂಥ ಹುಚ್ಚು ಎಂದು ಅವಳಿಗೇ ಅರ್ಥವಾಗಲಿಲ್ಲ.

ಬಾಯ್ಸಿಯಿಂದ ಇಪ್ಪತ್ತು ಮೈಲಿ ಆಚೆ ಏರಿನಲ್ಲಿ ಕೆಂಪು ದೋಣಿ ಕಂಡಿತು.

"ಅದೇ," ಎಂದಳು ಚಿಕ್ಕಮ್ಮ, ಸೀಟಿನ ತುದಿಗೆ ಬಂದು.

ಮಾರ್ಲಾ ಎಡದ ಸಾಲಿಗೆ ಹೋಗಿ ಟ್ರಕ್ಕಿನ ಮಗ್ಗುಲಿಗೆ ಕಾರು ತಂದಳು. ಚಿಕ್ಕಮ್ಮ ಸೀಟಿಗೆ ಅಂಟಿಕೊಂಡು ಅವಳಿಗೆ ನೋಡಲು ಜಾಗ ಬಿಟ್ಟಳು. ಟ್ರಕ್ಕಿನ ಕಿಟಕಿ ಪೂರ್ತಿ ತೆರೆದಿತ್ತು. ಗಿಡ್ಡ ಬಿಳಿ ಕೂದಲಿನ ಹೆಂಗಸು, ಮೊಣಕೈ ಹೊರಗೆ ಚಾಚಿ, ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತ, ಬಾಯಿ ತುಂಬ ಹಾಡುತ್ತಿದ್ದರು. ಗಾಳಿಗೆ ಕಣ್ಣು ಕಿರಿದು ಮಾಡಿದ್ದ ಆ ಮುಖದಲ್ಲಿ ಹಿಂದೆ ಬಿಟ್ಟುಬಂದ ಯಾವುದರ ಚಿಂತೆಯೂ ಇರಲಿಲ್ಲ.

"ಹಾರ್ನ್ ಹೊಡಿಯೇ," ಎಂದಳು ಚಿಕ್ಕಮ್ಮ.

ಮಾರ್ಲಾಳ ಅಂಗೈ ಹಾರ್ನ್ ಮೇಲಿತ್ತು. ಅಷ್ಟರಲ್ಲಿ ಆಕೆ ಇತ್ತ ನೋಡಿದರು. ರಸ್ತೆಯಲ್ಲಿ ಯಾರಿಗಾದರೂ ಮಾಡುವಂತೆ ಸ್ಟಿಯರಿಂಗ್‌ನಿಂದ ಎರಡು ಬೆರಳು ಎತ್ತಿ, ಹಾಡು ನಿಲ್ಲಿಸದೆ ಮತ್ತೆ ಮುಂದಕ್ಕೆ ನೋಡಿದರು. ಮಾರ್ಲಾ ಅಂಗೈ ತೆಗೆದು ತಾನೂ ಎರಡು ಬೆರಳು ಎತ್ತಿದಳು. ಆಮೇಲೆ ಆಕ್ಸಿಲರೇಟರ್ ಒತ್ತಿ ಟ್ರಕ್ಕನ್ನು ಹಿಂದೆ ಹಾಕಿದಳು.

"ಅಯ್ಯೋ, ಯಾಕೇ?"

"ಗೊತ್ತಿಲ್ಲ ಚಿಕ್ಕಮ್ಮ." ಅವಳ ಕಣ್ಣು ತುಂಬಿ ಬಂದಿತ್ತು. "ಎಷ್ಟು ಖುಷಿಯಾಗಿದ್ರು ನೋಡಿದ್ಯಾ?"

ಮುಂದಿನ ತಿರುವಿನಲ್ಲಿ ಹೈವೇ ಬಿಟ್ಟು ಮೇಲೇರಿದಳು. ತುದಿಯಲ್ಲಿ 'ನಿಲ್ಲಿ' ಎನ್ನುವ ಫಲಕ. ನೇರ ಹೋದರೆ ಮತ್ತೆ ಅದೇ ಹೈವೇ, ಪೂರ್ವಕ್ಕೆ. ಎಡಕ್ಕೆ ಮೇಲ್ಸೇತುವೆ, ಅದರಾಚೆ ಪಶ್ಚಿಮಕ್ಕೆ, ಪೋರ್ಟ್‌ಲೆಂಡಿನ ಕಡೆಗೆ ಇಳಿಯುವ ದಾರಿ. ಸುತ್ತ ಒಣಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಚಿಕ್ಕಮ್ಮ ಖಾಲಿ ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಹಾಕಿದಳು.

ಹಿಂದೆ ಹುಲ್ಲಿನ ಹೊರೆ ತುಂಬಿದ ಪಿಕಪ್ ಬಂದು ನಿಂತಿತು. ಕನ್ನಡಿಯಲ್ಲಿ ಮುದುಕನೊಬ್ಬ ಕಂಡ. ಒಂದು ನಿಮಿಷವಾಯಿತು, ಎರಡಾಯಿತು. ಅವನು ಹಾರ್ನ್ ಹೊಡೆಯಲಿಲ್ಲ. ಎಂಜಿನ್ ಆರಿಸಿ, ಟೋಪಿ ತೆಗೆದು ಪಕ್ಕಕ್ಕಿಟ್ಟು, ತಲೆ ಒರೆಸಿಕೊಂಡ.

ಮಾರ್ಲಾ ಎಡಕ್ಕೆ ತಿರುಗುವ ದೀಪ ಹಾಕಿದಳು. ಅದು ಟಕ್ ಟಕ್ ಎನ್ನುತ್ತ ಮಿನುಗತೊಡಗಿತು. ಹಿಂದೆ ಮುದುಕ ಟೋಪಿ ಇಟ್ಟುಕೊಂಡು ಎಂಜಿನ್ ಚಾಲೂ ಮಾಡಿದ.