ಪೂಚಿ ಯಾರದು

ಸಾವಿನ ಮನೆಗೆ ಫೋನು ಮಾಡಿ ದುಡ್ಡು ಕೇಳುವಷ್ಟು ಕೆಟ್ಟವರು ಆ ಕಡೆ ಯಾರೂ ಇರಲಿಲ್ಲ. ಅದಕ್ಕೇ ಸತ್ತ ಯುವರಾಜನ ಫೋನು ಸೂತಕ ಕಳೆಯುವವರೆಗೆ ಗೋಡೆಯ ಗೂಡಿನಲ್ಲಿ ಸುಮ್ಮನೆ ಬಿದ್ದಿತ್ತು. ವೈಕುಂಠ ಸಮಾರಾಧನೆ ಮುಗಿಸಿಕೊಂಡು ನೆಂಟರೆಲ್ಲ ರೈಲು ಹತ್ತಿ ಹೋದ ಮಾರನೆಯ ಬೆಳಿಗ್ಗೆ, ಹಿಂದೂಪುರದ ಆ ಬೀದಿಗೆ ನಲ್ಲಿ ನೀರು ಬಿಡುವ ಹೊತ್ತಿಗೆ, ಅದು ಮತ್ತೆ ಬಡಿದುಕೊಳ್ಳತೊಡಗಿತು.

ಬಿಂದಿಗೆ ಹಿಡಿದು ಕೂತಿದ್ದ ಅವನ ಹೆಂಡತಿ ಕೀರ್ತನಾ ಕೈ ಒರೆಸಿಕೊಂಡು ಒಳಗೆ ಬಂದು ನೋಡಿದಳು. ಒಂದು ಹೆಸರು ಬಂದು ಹೋಯಿತು, ಅದರ ಹಿಂದೆ ಇನ್ನೊಂದು. ಎತ್ತಲಿಲ್ಲ.

"ಯಾರೇ ಅದು?" ಅಂಗಳದಿಂದ ಅತ್ತೆ ಇಂದ್ರಾಣಿ ಕೇಳಿದರು.

"ಕಲ್ಯಾಣದುರ್ಗದವರು, ದುಡ್ಡು ಹಾಕಿದವರು."

"ಪಾಪ, ಇಷ್ಟು ದಿನ ಬಾಯಿ ಕಟ್ಕಂಡಿದ್ರಲ್ಲ," ಅಂದರು ಅತ್ತೆ. ಅದು ವ್ಯಂಗ್ಯವೋ ಮರುಕವೋ ಕೀರ್ತನಾಳಿಗೆ ತಿಳಿಯಲಿಲ್ಲ. ಮಗ ಸತ್ತಮೇಲೆ ಅವರ ಮಾತೆಲ್ಲ ಒಂದೇ ದನಿಯಲ್ಲಿ ಬರುತ್ತಿತ್ತು.

ಯುವರಾಜ ಮೊದಲು ರೇಷ್ಮೆ ಸೀರೆಯ ಅಂಗಡಿಯೊಂದರಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸ ಮಾಡುತ್ತಿದ್ದವನು. ಅಂಗಡಿ ಮುಚ್ಚಿದ ಮೇಲೆ ಬಹಳ ದಿನ ಮನೆಯಲ್ಲಿ ಕೂತ. ಆಮೇಲೆ ಸಣ್ಣ ವ್ಯಾಪಾರಿಗಳಿಗೆ ಸಾಲ ಕೊಡುವ ಒಂದು ಕಂಪನಿ ಊರಿಗೆ ಬಂತು. ಟೀ ಅಂಗಡಿ, ವೆಲ್ಡಿಂಗ್ ಶಾಪು, ಎರಡು ಪವರ್‌ಲೂಮಿನ ಮನೆ, ಬ್ಯಾಂಕು ಬಾಗಿಲು ತೆಗೆಯದ ಇಂಥವರಿಗೆಲ್ಲ ಅದು ದುಡ್ಡು ಕೊಡುತ್ತಿತ್ತು. ಕೊಡುವುದಕ್ಕೆ ಬೇಕಾದ ದುಡ್ಡನ್ನು ಊರೂರಲ್ಲಿ ಜನರಿಂದಲೇ ಎತ್ತುತ್ತಿತ್ತು, ಬ್ಯಾಂಕಿಗಿಂತ ಹೆಚ್ಚು ಬಡ್ಡಿಯ ಆಸೆ ತೋರಿಸಿ. ಯುವರಾಜನದು ಆ ಎತ್ತುವ ಕೆಲಸ. ಸೀರೆ ಮಾರಿ ಪಳಗಿದ ಬಾಯಿ, ಚೆನ್ನಾಗಿ ಎತ್ತಿದ.

ಒಂದು ವರ್ಷಕ್ಕೂ ಹೆಚ್ಚು ಕಾಲ ಬಡ್ಡಿ ಸರಿಯಾಗಿ ಬಂತು. ಆಮೇಲೆ ಸಾಲ ತೆಗೆದುಕೊಂಡ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಬ್ಯಾಂಕು ಯಾಕೆ ಅವರಿಗೆ ಕೊಟ್ಟಿರಲಿಲ್ಲ ಎನ್ನುವುದು ಆಗ ಎಲ್ಲರಿಗೂ ಗೊತ್ತಾಯಿತು. ಬಡ್ಡಿ ನಿಂತಿತು. ಜನರ ದುಡ್ಡು ಎತ್ತಿದವನನ್ನೇ ಕಂಪನಿ ಸಾಲ ವಸೂಲಿಗೂ ಓಡಿಸಿತು. ಪರಿಗಿಯಲ್ಲಿ ಒಂದು ವೆಲ್ಡಿಂಗ್ ಶಾಪಿನ ಮುಂದೆ, ಮಾಲೀಕ ಬರಲಿ ಎಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾದು ಕೂತಿದ್ದ ಯುವರಾಜ ಹಾಗೇ ಪಕ್ಕಕ್ಕೆ ಒರಗಿಬಿಟ್ಟ. ಡಾಕ್ಟರು ಹಾರ್ಟು ಅಂದರು. ಬೀದಿಯವರು ಮರ್ಯಾದೆ ಹೋದದ್ದಕ್ಕೆ ಅಂದರು.

ಕೀರ್ತನಾಳಿಗೆ ಅಳು ಬಂದಿರಲಿಲ್ಲ. ಅತ್ತುಬಿಟ್ಟರೆ ಯುವರಾಜನಿಗಾಗಿ ಅತ್ತ ಹಾಗಾಗುತ್ತದೆ, ತಾನು ತೀರಿಸಬೇಕಾದ ಇನ್ನೊಂದು ಲೆಕ್ಕ ಹಾಗೇ ಉಳಿಯುತ್ತದೆ ಎಂದು ಒಳಗೆಲ್ಲೋ ಅನಿಸಿತ್ತು.

ಬಿಸಿಲೇರಿದ ಮೇಲೆ ಕಂಪನಿಯ ಬ್ರಾಂಚ್ ಮ್ಯಾನೇಜರು ಲಕ್ಷ್ಮೀಕಾಂತ್ ಬಂದ. ಹಣ್ಣು ತಂದಿದ್ದ. ಯುವರಾಜನ ಫೋಟೋ ಮುಂದೆ ನಿಂತು ನಿಜವಾಗಿಯೇ ಕಣ್ಣು ಒರೆಸಿಕೊಂಡ. ಆಮೇಲೆ ಕೂತು, ಸುತ್ತಿ ಬಳಸಿ, ವಿಷಯಕ್ಕೆ ಬಂದ. ದುಡ್ಡು ಹಾಕಿದವರು ಇನ್ನು ಮೂರು ವರ್ಷ ಅಸಲು ಕೇಳುವುದಿಲ್ಲ ಎಂದು ಸೈನು ಮಾಡಿಕೊಟ್ಟರೆ ಕಂಪನಿಗೆ ಉಸಿರು ಬರುತ್ತದೆ. ಬೇರೆ ಕಡೆ ಆಗಿದೆ. ಕಲ್ಯಾಣದುರ್ಗದವರು ಮಾತ್ರ ಒಪ್ಪುತ್ತಿಲ್ಲ. ಅಲ್ಲಿ ಎಲ್ಲರೂ ಬೊರುಗಿನ ಬಟ್ಟಿ ಇಟ್ಟಿರುವ ಚೌಡಕ್ಕನ ಮುಖ ನೋಡುತ್ತಾರೆ, ಚೌಡಕ್ಕ ನಿಮ್ಮ ಮುಖ ನೋಡುತ್ತಾಳೆ.

"ಯುವರಾಜ್ ಹೆಂಡ್ತಿ ಬಂದು ಹೇಳ್ಲಿ, ಆಗ ಹಾಕ್ತೀನಿ ಅಂತಾಳೆ ಮೇಡಂ. ಸೋಮವಾರ ಕಾರಲ್ಲಿ ಕರ್ಕಂಡು ಹೋಯ್ತೀನಿ. ನೀವು ಒಂದು ಮಾತು ಹೇಳಿದ್ರೆ ಸಾಕು. ಯುವರಾಜ್ ಸೀಟು ನಿಮಗೇ. ಎಂಕಾಂ ಮಾಡಿದೀರ, ಆಫೀಸಲ್ಲೇ ಕೂತ್ಕಬಹುದು."

ತನ್ನ ತಾಯಿಯ ದುಡ್ಡೂ ಅದರಲ್ಲೇ ಇದೆ ಎಂದು ಹೋಗುವಾಗ ಚಪ್ಪಲಿ ಮೆಟ್ಟುತ್ತಾ ಹೇಳಿದ. ಅದು ಸುಳ್ಳಿರಲಾರದು.

ಒಂದು ಮಾತು. ಹೋದ ಸಲವೂ ಅವಳು ಹೇಳಿದ್ದು ಒಂದೇ ಮಾತು.

ಆ ದಿನ ಯುವರಾಜ ಅವಳನ್ನು ಕಲ್ಯಾಣದುರ್ಗಕ್ಕೆ ಬಲವಂತವಾಗಿ ಕರೆದುಕೊಂಡು ಹೋಗಿದ್ದ. ಪೇಪರೆಲ್ಲ ಇಂಗ್ಲಿಷಿನಲ್ಲಿದೆ, ಓದಿದವಳು ನೀನು ಬಿಡಿಸಿ ಹೇಳಿದರೆ ನಂಬುತ್ತಾರೆ ಅಂದಿದ್ದ. ಕೆಲಸ ಸಿಕ್ಕ ಹೊಸತು, ಇಸ್ತ್ರಿ ಶರ್ಟು, ಮುಖದಲ್ಲಿ ಕಳೆ. ಬಸ್ಸಿನಲ್ಲಿ ಕೂತು ಅವಳು ಪೇಪರು ಓದಿದಳು. ಕಂಪನಿ ಮುಳುಗಿದರೆ ಉಳಿದದ್ದರಲ್ಲಿ ಮೊದಲು ಬ್ಯಾಂಕುಗಳಿಗೆ, ಆಮೇಲೆ ಸಾಲ ಕೊಟ್ಟ ಮಿಕ್ಕವರಿಗೆ, ದುಡ್ಡು ಹಾಕುವ ಈ ಜನಕ್ಕೆ ಎಲ್ಲರಿಗಿಂತ ಕಡೆಯಲ್ಲಿ ಎಂದು ಅದರಲ್ಲಿತ್ತು. ಅಡಗಿಸಿಟ್ಟಿರಲಿಲ್ಲ. ಇಂಗ್ಲಿಷ್ ಬಂದವರಿಗೆ ಕಾಣುವ ಹಾಗೇ ಇತ್ತು. ಅವಳು ಯುವರಾಜನಿಗೆ ಹೇಳಿದಳು.

"ಮುಳುಗಿದ್ರೆ ತಾನೆ?" ಅಂದ ಅವನು, ಕಿಟಕಿಯ ಆಚೆ ನೋಡುತ್ತಾ.

ಚೌಡಕ್ಕನ ಬೊರುಗಿನ ಬಟ್ಟಿಯ ಅಂಗಳದಲ್ಲಿ ಜನ ಸೇರಿದ್ದರು. ಅಕ್ಕಿಯನ್ನು ಕಾದ ಮರಳಲ್ಲಿ ಹುರಿದು ಬೊರುಗು, ಅಂದರೆ ಮಂಡಕ್ಕಿ, ಮಾಡುವ ಬಟ್ಟಿ ಅದು. ಕಡಲೆಕಾಯಿ ಸಿಪ್ಪೆಯ ಉರಿ, ದಿನವಿಡೀ ಹೊಗೆ. ಗ್ಯಾಸಿನ ಮಿಷನ್ನು ಕೊಳ್ಳಬೇಕೆಂದು ಚೌಡಕ್ಕ ದುಡ್ಡು ಕೂಡಿಸಿಟ್ಟಿದ್ದಳು. ಕೀರ್ತನಾ ಎದ್ದು ನಿಂತು, ಕಂಪನಿ ಯಾರಿಗೆ ಹಣ ಹಿಂದಿರುಗಿಸಬೇಕೋ ಅವರ ಸಾಲಿನಲ್ಲಿ ನೀವೂ ಇರುತ್ತೀರಿ ಎಂದು ಹೇಳಿದಳು. ಸುಳ್ಳಲ್ಲ. ಸಾಲಿನಲ್ಲಿ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಚೌಡಕ್ಕ ಬೇರೆಯದನ್ನು ಕೇಳಿದಳು. "ಅದೆಲ್ಲ ಇರ್ಲಿ. ಪೂಚಿ ಯಾರ್ದಮ್ಮ?"

ಕೀರ್ತನಾ ಶಿರಾದ ಹುಡುಗಿ. ತುಮಕೂರಿನಲ್ಲಿ ಓದಿದವಳು. ಆ ತೆಲುಗು ಮಾತು ಹಿಂದೂಪುರಕ್ಕೆ ಬಂದ ಮೇಲೆ ಕಿವಿಗೆ ಬಿದ್ದಿತ್ತೇ ಹೊರತು ಅದರ ತೂಕ ಗೊತ್ತಿರಲಿಲ್ಲ. ಜವಾಬ್ದಾರಿ ಯಾರದು ಎಂದು ಕೇಳುತ್ತಿದ್ದಾಳೆ ಅಂದುಕೊಂಡಳು. ಅವಳು ಬಾಯಿ ತೆರೆಯುವ ಮೊದಲೇ ಯುವರಾಜ ನಕ್ಕ.

"ಇನ್ಯಾರ್ದಕ್ಕಾ? ನಮ್ಮ ಎಂಕಾಂ ಮೇಡಮ್ಮಂದೇ ಪೂಚಿ!"

ಎಲ್ಲರೂ ನಕ್ಕರು. ಚೌಡಕ್ಕ ನಗಲಿಲ್ಲ. ಕೀರ್ತನಾಳನ್ನೇ ನೋಡಿ, "ಹೌದೇನಮ್ಮ?" ಎಂದಳು.

"ಹೂಂ," ಅಂದಿದ್ದಳು ಕೀರ್ತನಾ.

ಬರುವಾಗ ಬಸ್ಸಿನಲ್ಲಿ ಯುವರಾಜ ಹೇಳಿದ. ಪೂಚಿ ಅಂದರೆ ಬರೀ ಜವಾಬ್ದಾರಿ ಅಲ್ಲ. ನೇಯುವವರ ಬೀದಿಯಲ್ಲಿ ಒಬ್ಬರು ಹತ್ತು ಜನರ ಎದುರು ನನ್ನ ಪೂಚಿ ಅಂದರೆ ಮುಗಿಯಿತು. ಸಾಲಗಾರ ಓಡಿಹೋದರೂ ಸತ್ತರೂ ಪೂಚಿಯಿದ್ದವರು ಮಗ್ಗ ಮಾರಿಯಾದರೂ ಕಟ್ಟಬೇಕು. ಅವನ ತಾತ ಹಾಗೆ ಕಟ್ಟಿದ್ದನಂತೆ. ಮತ್ತೆ ಯಾಕೆ ಹಾಗಂದಿರಿ ಎಂದು ಅವಳು ಕೇಳಿದಳು. ತಮಾಷೆಗೆ ಕಣೇ, ಅಂದ. ಮರುದಿನ ಆ ಅಂಗಳದವರೆಲ್ಲ ದುಡ್ಡು ಹಾಕಿದರು. ಯಾರೂ ತಮಾಷೆಗೆ ಹಾಕಿರಲಿಲ್ಲ. ಅವಳು ಆಗಲಾದರೂ ಒಂದು ಫೋನು ಮಾಡಬಹುದಿತ್ತು. ಆ ತಿಂಗಳು ಕಮಿಷನ್ ಬಂತು, ಮನೆಗೆ ಫ್ರಿಜ್ಜು ಬಂತು, ಯುವರಾಜ ಹಾಡಿಕೊಂಡು ಸ್ನಾನ ಮಾಡುತ್ತಿದ್ದ. ಹಾಡುತ್ತಿರಲಿ ಅನ್ನಿಸಿತ್ತು.

ಲಕ್ಷ್ಮೀಕಾಂತ್ ಹೋದ ಮೇಲೆ ಅತ್ತೆ ಅವನು ತಂದ ಬಾಳೆಹಣ್ಣು ಸುಲಿದು ಅವಳ ಕೈಗೆ ಕೊಟ್ಟರು. ಕೆಲಸ ಒಳ್ಳೆಯದೇ, ಇಬ್ಬರ ಹೊಟ್ಟೆಗೆ ಆಗುತ್ತದೆ ಅಂದರು. ತಮಗೆ ಕಣ್ಣು ಮಂಜು, ಸೀರೆಗೆ ಕುಚ್ಚು ಕಟ್ಟುವ ಕೆಲಸವೂ ಇನ್ನು ಆಗದು ಅಂದರು. ಬೇಡ ಎನ್ನುವುದಕ್ಕೆ ಕಾರಣ ಇದ್ದರೆ ಹೇಳು ಅಂದರು. ಕೀರ್ತನಾ ಹೇಳಿದಳು. ಬಸ್ಸಿನಲ್ಲಿ ಓದಿದ್ದು, ಅಂಗಳದಲ್ಲಿ ಹೂಂ ಅಂದದ್ದು, ಎಲ್ಲ.

ಅತ್ತೆ ಕೈಯಲ್ಲಿದ್ದ ಬಾಳೆಹಣ್ಣಿನ ಸಿಪ್ಪೆಯನ್ನು ಮಡಿಸಿ ಬದಿಗಿಟ್ಟರು.

"ನನ್ ಮಗನೇ ನಿನ್ನ ನೂಕ್ಬುಟ್ಟ ಅನ್ನು."

"ನೂಕಲಿಲ್ಲ ಅತ್ತೆ. ನಾನೇ ಹೂಂ ಅಂದೆ."

"ಸೋಮವಾರ ಅವನ ಕಾರು ಹತ್ತೀಯ?"

"ಇಲ್ಲ. ನಾಳೆ ನಾನೇ ಹೋಗಿ ಬರ್ತೀನಿ."

"ಹೋಗಾದಾದ್ರೆ ಆ ಜಮಖಾನ ತಗಂಡೋಗು. ಅವಳದ್ದೇ ಅದು," ಅಂದರು ಅತ್ತೆ.

ಕೀರ್ತನಾಳಿಗೆ ಗೊತ್ತೇ ಇರಲಿಲ್ಲ. ಆ ದಿನ ಜನ ಕೂತದ್ದು ಚೌಡಕ್ಕನ ಜಮಖಾನದ ಮೇಲೆ. ಮುಂದಿನ ವಾರ ಪರಿಗಿಯ ಮೀಟಿಂಗಿಗೆ ಬೇಕೆಂದು ಯುವರಾಜ ಅದನ್ನು ಕೇಳಿ ತಂದು, ವಾಪಸು ಕೊಡದೆ ಅಟ್ಟದ ಮೇಲೆ ಹಾಕಿದ್ದನಂತೆ. ಅವನು ಸತ್ತ ದಿನ ಬೀದಿಯವರು ಅದನ್ನೇ ಇಳಿಸಿ ಹಾಸಿದ್ದರು. ಅಳಲು ಬಂದ ಹೆಂಗಸರೆಲ್ಲ ಅದರ ಮೇಲೇ ಕೂತಿದ್ದರು. ಅತ್ತೆ ಸೊಸೆ ಸೇರಿ ಅದನ್ನು ಮಹಡಿಯ ಮೇಲೆ ಎರಡು ಸಲ ಒಗೆದರು. ಮೊದಲ ನೀರು ಕೆಂಪಗೆ ಹರಿಯಿತು, ಬರೀ ಮಣ್ಣು.

ಪಾವಗಡದಲ್ಲಿ ಬಸ್ಸು ಬದಲಾಯಿಸಬೇಕಾಗಿತ್ತು. ಕಂಡಕ್ಟರು ಜಮಖಾನದ ಸುರುಳಿ ನೋಡಿ ಲಗೇಜು ಟಿಕೆಟು ಹರಿದ. "ಏಮಮ್ಮಾ, ಸಂಸಾರ ಎತ್ಕಂಡು ಹೊಂಟ್ಯಾ?" ಎಂದು ನಕ್ಕವನು, ಅವಳ ಬರಿ ಹಣೆ ನೋಡಿ ಮುಂದಕ್ಕೆ ಹೋದ. ಸ್ವಲ್ಪ ದೂರ ಹೋದ ಮೇಲೆ ವಾಪಸು ಬಂದು, ಸುರುಳಿ ಬೀಳದ ಹಾಗೆ ಸೀಟಿನ ಕೆಳಗೆ ತಳ್ಳಿಕೊಟ್ಟ. ದಾರಿಯುದ್ದಕ್ಕೂ ಅವಳು ಏನು ಹೇಳಬೇಕೆಂದು ಜೋಡಿಸಿಕೊಂಡಳು. ಕಲ್ಯಾಣದುರ್ಗದಲ್ಲಿ ಇಳಿದು ಶೇರ್ ಆಟೋದಲ್ಲಿ ಕೂತಾಗ ಜೋಡಿಸಿದ್ದೆಲ್ಲ ಕಳಚಿಕೊಂಡಿತು.

ಬಟ್ಟಿ ಉರಿಯುತ್ತಿತ್ತು. ಮಿಷನ್ನು ಬಂದಿರಲಿಲ್ಲ, ಅದೇ ಸಿಪ್ಪೆ, ಅದೇ ಹೊಗೆ. ಚೌಡಕ್ಕ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಜರಡಿ ಆಡಿಸುತ್ತಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಕೀರ್ತನಾಳನ್ನು ಕಂಡು ಜರಡಿ ಇಟ್ಟು, ಬಟ್ಟೆ ಬಿಚ್ಚಿ, ಹತ್ತಿರ ಬಂದಳು. ಮೊದಲು ಅತ್ತಳು. ಎಂಥ ಮಾತುಗಾರ ಕಣಮ್ಮ ನಿನ್ನ ಗಂಡ, ಬಂದಾಗೆಲ್ಲ ಒಂದು ಬೊಗಸೆ ಬೊರುಗು ಬಾಯಿಗೆ ಹಾಕ್ಕಂಡೇ ಮಾತು ಶುರು ಮಾಡ್ತಿದ್ದ ಅಂದಳು. ಅಷ್ಟು ಅತ್ತು, ಕಣ್ಣು ಒರೆಸಿಕೊಂಡು, ಅವಳು ಬಂದ ಕಾರಣಕ್ಕೆ ಕಾದಳು. ಹೊಸದಾಗಿ ಗಂಡ ಸತ್ತವಳನ್ನು ಗುಡಿಗೆ ಹೋಗಿ ಬರುವ ಮೊದಲು ಮನೆಯೊಳಗೆ ಕರೆಯುವಂತಿಲ್ಲ. ಇಬ್ಬರೂ ಅಂಗಳದಲ್ಲೇ ನಿಂತಿದ್ದರು.

"ಸೈನು ಹಾಕ್ಬೇಡಿ ಅಕ್ಕ," ಎಂದಳು ಕೀರ್ತನಾ.

"ಯಾಕೆ? ಕಂಪನಿ ಎದ್ದೇಳ್ತದೆ ಅಂತಾನಲ್ಲ ಆ ಮ್ಯಾನೇಜ್ರು."

"ಹಾಕಿದ್ರೆ ಮೂರು ವರ್ಷ ಕೇಳೋ ಹಾಗೇ ಇಲ್ಲ. ಅಷ್ಟರಲ್ಲಿ ಇರೋದೆಲ್ಲ ಬ್ಯಾಂಕಿಗೆ ಹೋಗುತ್ತೆ. ಎಲ್ಲರೂ ಸೇರಿ ಈಗಲೇ ಒಬ್ಬ ಲಾಯರ ಹತ್ತಿರ ಹೋಗಿ."

"ಹೋದ್ರೆ ಬತ್ತದಾ ದುಡ್ಡು?"

"ಗೊತ್ತಿಲ್ಲ."

"ಎಂಕಾಂ ಓದಿದವಳು ಗೊತ್ತಿಲ್ಲ ಅಂತೀಯಲ್ಲಮ್ಮ." ಅದರಲ್ಲಿ ಇನ್ನೂ ಸ್ವಲ್ಪ ಸಲಿಗೆ ಇತ್ತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಬೇಡ ಎಂದು ಹೇಳಿಯಾಗಿತ್ತು, ಹೇಳಿದ್ದು ನಿಜವೂ ಆಗಿತ್ತು. ಮುಂದಿನದನ್ನು ಹೇಳದಿದ್ದರೆ ಚೌಡಕ್ಕ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟು ಕಳಿಸುತ್ತಿದ್ದಳು.

"ಆವತ್ತು ಗೊತ್ತಿತ್ತು ಅಕ್ಕ. ಮುಳುಗಿದ್ರೆ ನೀವು ಎಲ್ಲರಿಗಿಂತ ಕಡೇಲಿ ಅಂತ ಪೇಪರಲ್ಲೇ ಇತ್ತು. ಓದ್ಕೊಂಡೇ ಬಂದಿದ್ದೆ. ಸಾಲಿನಲ್ಲಿ ಇರ್ತೀರಿ ಅಂದೆ, ಎಲ್ಲಿ ಅಂತ ಹೇಳಲಿಲ್ಲ."

ಬಟ್ಟಿಯಲ್ಲಿ ಮರಳು ಕಾದು ಸಿಡಿಯುತ್ತಿತ್ತು. ಅದನ್ನು ಯಾರೂ ಆಡಿಸುತ್ತಿರಲಿಲ್ಲ.

"ಅವನಿಗೂ ಗೊತ್ತಿತ್ತಾ?"

ಸತ್ತವನ ಹೆಸರು ಕಾಯಬಹುದಿತ್ತು. "ಗೊತ್ತಿತ್ತು," ಎಂದಳು ಕೀರ್ತನಾ. "ನಾನೇ ಹೇಳಿದ್ದೆ."

"ನಾನು ಅವನ ಮಾತು ನಂಬಿರ್ಲಿಲ್ಲ ಕಣಮ್ಮ. ಅವನು ಸೀರೆ ಮಾರೋನು, ಹತ್ತು ಸುಳ್ಳು ಹೇಳೋದು ಅವನ ಕಸುಬು, ನಾವೂ ನಗ್ತಿದ್ವಿ. ನಿನ್ನ ಕೇಳ್ದೆ. ಪೂಚಿ ನಿಂದು ಹೌದೇನಮ್ಮ ಅಂತ ನಿನ್ನೇ ಕೇಳ್ದೆ."

"ಹೌದು ಅಕ್ಕ."

"ಆವಾಗಲೇ ಹೇಳಿದ್ರೆ ನಾನು ಹಾಕ್ತಿರ್ಲಿಲ್ಲ. ನನ್ನ ನೋಡಿ ಇವರ್ಯಾರೂ ಹಾಕ್ತಿರ್ಲಿಲ್ಲ."

ಅದು ತಮಾಷೆಗೆ ಆಡಿದ ಮಾತು ಎಂದು ಕೀರ್ತನಾ ಹೇಳಲಿಲ್ಲ. ಆ ಮಾತಿನ ತೂಕ ನನಗೆ ಆಗ ಗೊತ್ತಿರಲಿಲ್ಲ ಎಂದೂ ಹೇಳಲಿಲ್ಲ. ಅದು ನಿಜವಾಗಿದ್ದರೂ ಬರೀ ಒಂದು ಬಸ್ಸಿನ ದಾರಿಯಷ್ಟು ಹೊತ್ತಿನ ನಿಜ, ವಾಪಸು ಬರುವಾಗಲೇ ತೂಕ ಗೊತ್ತಾಗಿತ್ತು. ಮಾರಲು ಮಗ್ಗವಿಲ್ಲ, ಕೆಲಸ ಹುಡುಕುತ್ತೇನೆ, ಬೇರೆ ಕಡೆ, ಸಿಕ್ಕರೆ ಆದಷ್ಟು ತಂದುಕೊಡುತ್ತೇನೆ ಅಂದಳು. ಹೇಳುವಾಗಲೇ ಅದು ಅವಳಿಗೇ ಸಣ್ಣದಾಗಿ ಕೇಳಿಸಿತು.

"ನೀನೇನ್ ಕೊಟ್ಟೀಯ," ಅಂದಳು ಚೌಡಕ್ಕ. ಬೈಗುಳವಲ್ಲ, ಸಮಾಧಾನವೂ ಅಲ್ಲ. "ಇವರಿಗೆಲ್ಲ ಏನಂತ ಹೇಳ್ಲಿ ನಾನು?"

"ನಾನೇ ಹೇಳ್ತೀನಿ. ಕರೀರಿ."

"ಇವತ್ತು ಬ್ಯಾಡ. ಬೀದಿ ಹೆಂಗಸ್ರು ನಿನ್ನ ಬಿಡಕ್ಕಿಲ್ಲ, ನಂಗೆ ಬಿಡಿಸೋ ಮನಸ್ಸಿಲ್ಲ. ಇನ್ನೊಂದಿನ ಬಾ. ನಿನ್ನ ಮುಖ ನೋಡಕ್ಕೆ ನಂಗೂ ಒಸಿ ದಿನ ಬೇಕು."

ಕೀರ್ತನಾ ತಲೆಯಾಡಿಸಿದಳು. ಕಾಲ ಬಳಿ ಇಟ್ಟಿದ್ದ ಸುರುಳಿಯನ್ನು ಎತ್ತಿ, "ನಿಮ್ಮ ಜಮಖಾನ. ಅವರು ತಂದಿದ್ರಂತೆ," ಎಂದು ಎರಡು ಕೈಯಲ್ಲಿ ಚಾಚಿದಳು.

ಚೌಡಕ್ಕ ಕೈ ನೀಡಲಿಲ್ಲ. "ಕೆಳಗಿಡು," ಅಂದಳು.

ಸಾವಿನ ಮನೆಯಿಂದ ಬಂದದ್ದನ್ನು ಆ ಕಡೆ ಕೈಯಿಂದ ಕೈಗೆ ತೆಗೆದುಕೊಳ್ಳುವುದಿಲ್ಲ. ನೆಲಕ್ಕಿಟ್ಟು, ನೀರು ಚಿಮುಕಿಸಿ, ಆಮೇಲೆ ಎತ್ತಿಕೊಳ್ಳುತ್ತಾರೆ. ಅದಕ್ಕೇ ಹಾಗಂದಳೋ, ಬೇರೆ ಕಾರಣಕ್ಕೋ, ದನಿಯಲ್ಲಿ ಗೊತ್ತಾಗಲಿಲ್ಲ. ಕೇಳುವ ಹಕ್ಕೂ ತನಗಿಲ್ಲ ಅನ್ನಿಸಿತು. ಕೀರ್ತನಾ ಬಗ್ಗಿ, ಮಸಿ ತಾಗದ ಕಡೆ ನೋಡಿ, ಕಲ್ಲು ಚಪ್ಪಡಿಯ ಮೇಲೆ ಜಮಖಾನ ಇಟ್ಟಳು.